ಉಗುರು ಕಚ್ಚುವ ಕೈಗೆ ಬೇರೆ ಕೆಲಸ ಕೊಡಿ

'ನಾಳೆಯಿಂದ ಉಗುರು ಕಚ್ಚುವುದಿಲ್ಲ' ಎಂಬ ನಿರ್ಧಾರ ಸಾಮಾನ್ಯವಾಗಿ ಮಧ್ಯಾಹ್ನ ದಾಟುವುದಿಲ್ಲ. ಮನಸ್ಸು ಗಟ್ಟಿಯಿಲ್ಲ ಅಂತ ಬೈದುಕೊಳ್ಳುವವರೇ ಹೆಚ್ಚು. ಆದರೆ ಕೈ ಬಾಯಿಗೆ ಹೋಗಿದೆ ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಉಗುರು ಹೋಗಿರುತ್ತದೆ. ಗಮನಕ್ಕೇ ಬಾರದೆ ನಡೆಯುವ ಕೆಲಸವನ್ನು ಎಷ್ಟು ಗಟ್ಟಿ ಮನಸ್ಸಿದ್ದರೂ ತಡೆಯಲಾಗದು.

ಮನಶ್ಶಾಸ್ತ್ರಜ್ಞರಾದ ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ಪ್ರಕಟಿಸಿದ ವಿಧಾನ ಹೊರಡುವುದು ಇಲ್ಲಿಂದಲೇ. 'ಹ್ಯಾಬಿಟ್ ರಿವರ್ಸಲ್' (ಅಭ್ಯಾಸವನ್ನು ಹಿಂದಿರುಗಿಸುವುದು) ಎಂಬ ಹೆಸರಿನ ಇದನ್ನು ಉಗುರು ಕಚ್ಚುವುದು, ಚರ್ಮ ಕೀಳುವುದು, ಕೂದಲು ಎಳೆಯುವುದು ಮುಂತಾದ ಚಟಗಳಿಗೆ ಚಿಕಿತ್ಸಕರು ಇಂದಿಗೂ ಬಳಸುತ್ತಾರೆ.

ಮೊದಲ ವಾರ ಏನನ್ನೂ ಬಿಡಲು ಹೋಗಬೇಡಿ, ಬರೆದಿಡಿ ಅಷ್ಟೆ. ಜೇಬಿನಲ್ಲೊಂದು ಸಣ್ಣ ಚೀಟಿ ಇರಲಿ. ಕಚ್ಚಿದ್ದು ಎಷ್ಟು ಗಂಟೆಗೆ, ಎಲ್ಲಿ, ಆಗ ಏನು ಮಾಡುತ್ತಿದ್ದಿರಿ, ಮನಸ್ಸು ಹೇಗಿತ್ತು? ಪ್ರತಿಯೊಂದಕ್ಕೂ ಎರಡು ಮೂರು ಪದ ಸಾಕು. ರಾತ್ರಿ ನೆನಪು ಮಾಡಿಕೊಂಡು ಬರೆದರೆ ಉಪಯೋಗವಿಲ್ಲ, ಆಗಿಂದಾಗಲೇ ಬರೆಯಬೇಕು. ಇನ್ನೊಂದು ಕೆಲಸ ತುಸು ವಿಚಿತ್ರ ಅನಿಸಬಹುದು: ಕನ್ನಡಿ ಮುಂದೆ ಕೂತು ಆ ಚಲನೆಯನ್ನು ಬೇಕೆಂದೇ ನಿಧಾನವಾಗಿ ಮಾಡಿ ನೋಡಿ. ಅನೇಕರಲ್ಲಿ ಅದು ಬಾಯಿಂದ ಶುರುವಾಗುವುದೇ ಇಲ್ಲ. ಹೆಬ್ಬೆರಳು ಉಳಿದ ಬೆರಳುಗಳ ಉಗುರಂಚನ್ನು ಸವರುತ್ತಾ ಹೋಗುತ್ತದೆ, ಎಲ್ಲೋ ಒಂದು ಒರಟು ಜಾಗ ಸಿಗುತ್ತದೆ, ಆಮೇಲೆ ಆ ಬೆರಳು ತುಟಿಗೆ ಬರುತ್ತದೆ. ಹಿಡಿಯಬೇಕಾದದ್ದು ಆ ಸವರುವಿಕೆಯನ್ನು. ಉಗುರುಗಳನ್ನು ಅರದಿಂದ ಉಜ್ಜಿ ನಯವಾಗಿಟ್ಟುಕೊಂಡರೆ ಅರ್ಧ ಪ್ರಚೋದನೆ ಅಲ್ಲಿಗೇ ತಪ್ಪುತ್ತದೆ.

ಎರಡನೇ ವಾರದಿಂದ ಬದಲಿ ಕ್ರಿಯೆ. ಅದು ಹಳೆಯ ಚಲನೆಯ ಜೊತೆಗೆ ನಡೆಯಲು ಸಾಧ್ಯವೇ ಇಲ್ಲದಂಥದ್ದಾಗಿರಬೇಕು, ನಾಲ್ಕು ಜನರ ನಡುವೆ ಮಾಡಿದರೂ ಎದ್ದು ಕಾಣಬಾರದು. ಹೆಬ್ಬೆರಳನ್ನು ಒಳಗಿಟ್ಟು ಮೃದುವಾಗಿ ಮುಷ್ಟಿ ಕಟ್ಟಿ ತೊಡೆಯ ಮೇಲಿಟ್ಟುಕೊಳ್ಳುವುದು ಸಾಮಾನ್ಯ ಆಯ್ಕೆ. ಮೂಲ ವಿಧಾನದಲ್ಲಿ ಇದನ್ನು ಸುಮಾರು 3 ನಿಮಿಷ ಹಿಡಿಯಬೇಕಿತ್ತು. ಈಗ 1 ನಿಮಿಷ, ಅಥವಾ ತುಡಿತ ಇಳಿಯುವ ತನಕ. ಗೆಣ್ಣು ಬಿಳುಚುವಷ್ಟು ಬಿಗಿ ಹಿಡಿಯುವುದು ಬೇಡ, ಅದರಿಂದ ಒತ್ತಡ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ತುಡಿತ ಬಂದಾಗಲೂ ಮಾಡಿ, ಕಚ್ಚಿಬಿಟ್ಟ ಮೇಲೂ ಮಾಡಿ. ಹಿಸುಕುವ ಚೆಂಡನ್ನು ನೆಚ್ಚಿಕೊಳ್ಳುವವರಿಗೆ ತೊಂದರೆ ಏನೆಂದರೆ, ಬೇಕಾದಾಗ ಅದು ಇನ್ನೊಂದು ಕೋಣೆಯಲ್ಲಿರುತ್ತದೆ.

ಯೋಜನೆಯನ್ನು 'ಹೀಗಾದರೆ ಹೀಗೆ' ಎಂಬ ರೂಪದಲ್ಲಿ ಬರೆದುಕೊಳ್ಳಿ. ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ದೀರ್ಘಕಾಲ ಅಧ್ಯಯನ ಮಾಡಿದ ತಂತ್ರವಿದು. 'ಇನ್ನು ಕಚ್ಚುವುದಿಲ್ಲ' ಅಂದರೆ ಕೈಗೆ ಏನೂ ಹೇಳಿದಂತಾಗಲಿಲ್ಲ. 'ಫೋನಿನಲ್ಲಿ ಕಾಯುವಾಗ ಹೆಬ್ಬೆರಳು ಉಗುರು ಸವರಿದರೆ ಮುಷ್ಟಿ ಕಟ್ಟುತ್ತೇನೆ' ಅಂದರೆ ಕೆಲಸ ಖಚಿತವಾಯಿತು. ಚೀಟಿಯಲ್ಲಿ ಹೆಚ್ಚು ಸಲ ಕಂಡ ಒಂದೆರಡು ಸಂದರ್ಭಗಳಿಗೆ ಮಾತ್ರ ಬರೆಯಿರಿ. ಹತ್ತು ಬರೆದರೆ ಒಂದೂ ನೆನಪಿರುವುದಿಲ್ಲ.

ಚೀಟಿಯಲ್ಲಿ 'ಚಿಂತೆ' ಎಂಬ ಪದ ಪದೇ ಪದೇ ಬಂದಿದ್ದರೆ ಕೈಯನ್ನಷ್ಟೇ ತಿದ್ದಿ ಸಾಲದು. ಚಿಂತೆ ಮಾಡಬೇಡಿ ಎಂಬುದು ಎಲ್ಲರೂ ಕೊಡುವ ಸಲಹೆ, ಕೆಲಸಕ್ಕೆ ಬಾರದ್ದೂ ಅದೇ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಒಂದು ಪ್ರಯೋಗದಲ್ಲಿ ಬಿಳಿ ಕರಡಿಯನ್ನು ಯೋಚಿಸಬೇಡಿ ಎಂದು ಕೆಲವರಿಗೆ ಹೇಳಿದರು. ಐದು ನಿಮಿಷವೂ ಅದನ್ನು ಪೂರ್ತಿ ದೂರವಿಡಲು ಅವರಿಗೆ ಆಗಲಿಲ್ಲ. ಆಮೇಲೆ ಯೋಚಿಸಲು ಬಿಟ್ಟಾಗ ಕರಡಿ ಇನ್ನೂ ಹೆಚ್ಚಾಗಿ ಬಂತು. ಹಾಗಾಗಿ ಚಿಂತೆಯನ್ನು ಅದುಮುವ ಬದಲು ಮುಂದೂಡುವುದು ಮೇಲು. ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ವಿವರಿಸಿದ ಕ್ರಮ ಹೀಗಿದೆ: ದಿನಾ ಒಂದೇ ಹೊತ್ತು, ಒಂದೇ ಜಾಗದಲ್ಲಿ ಅರ್ಧ ಗಂಟೆ ಚಿಂತೆಗೆಂದೇ ಮೀಸಲಿಡಬೇಕು. ಹಾಸಿಗೆ ಬೇಡ, ಮಲಗುವ ಮುಂಚಿನ ಹೊತ್ತೂ ಬೇಡ. ಉಳಿದ ಹೊತ್ತಿನಲ್ಲಿ ಚಿಂತೆ ತಲೆ ಎತ್ತಿದರೆ ಒಂದು ಪದ ಗುರುತು ಹಾಕಿಕೊಂಡು ಕೈಲಿದ್ದ ಕೆಲಸಕ್ಕೆ ಮರಳಬೇಕು. ಆ ಅರ್ಧ ಗಂಟೆಯಲ್ಲಿ ಪಟ್ಟಿ ತೆಗೆದು, ಏನಾದರೂ ಮಾಡಬಹುದಾದ ವಿಷಯಗಳ ಮುಂದೆ ಮುಂದಿನ ಹೆಜ್ಜೆ ಮತ್ತು ದಿನಾಂಕ ಬರೆಯಿರಿ. ಮಾಡಲು ಏನೂ ಇಲ್ಲದವನ್ನು ಹೊತ್ತು ಮುಗಿಯುವ ತನಕ ಯೋಚಿಸಿ, ಎದ್ದುಬಿಡಿ. ಎಷ್ಟೋ ಸಲ ಬೆಳಗ್ಗೆ ಬೆಟ್ಟದಂತಿದ್ದ ವಿಷಯಕ್ಕೆ ಸಂಜೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಜನ ಎಡವುವುದು ಮೀಸಲಿಟ್ಟ ಹೊತ್ತನ್ನೇ ತಪ್ಪಿಸುವುದರಲ್ಲಿ. 'ಆಮೇಲೆ' ಎಂಬ ಮಾತನ್ನು ಉಳಿಸಿಕೊಳ್ಳದಿದ್ದರೆ ಮುಂದೂಡುವುದೂ ಅದುಮುವುದೇ ಆಗುತ್ತದೆ.

ಚಿಂತೆಯ ಹೊತ್ತಿನ ಉಸಿರಾಟದ ಬಗ್ಗೆ ಎರಡೇ ಮಾತು. 4 ಎಣಿಸುತ್ತ ಒಳಗೆ, 6 ಎಣಿಸುತ್ತ ಹೊರಗೆ, ಐದು ನಿಮಿಷ. ಜೋರಾಗಿ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ, ಗಾಬರಿಯವರಿಗೆ ಅದೇ ಇನ್ನೊಂದು ಗಾಬರಿ.

21 ದಿನದಲ್ಲಿ ಅಭ್ಯಾಸ ಬದಲಾಗುತ್ತದೆ ಎಂಬ ಮಾತಿಗೆ ಪುರಾವೆಯಿಲ್ಲ. ಲಂಡನ್‌ನಲ್ಲಿ ಸಂಶೋಧಕಿ ಫಿಲಿಪಾ ಲಾಲಿ ಮತ್ತು ತಂಡ 96 ಜನರನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು 18ರಿಂದ 254 ದಿನಗಳವರೆಗಿನ ಅಂದಾಜು ಸಿಕ್ಕಿತು, ಮಧ್ಯದ ಅಂಕಿ 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ಹಾನಿ ಆಗಲಿಲ್ಲ. ಹಾನಿ ಮಾಡುವುದು ತಪ್ಪಿದ ಮೇಲಿನ 'ಹೇಗೂ ಕೆಟ್ಟಿತು, ಇನ್ನೇನು' ಎಂಬ ಲೆಕ್ಕ. ಒಂದು ಉಗುರು ಹೋದರೆ ಒಂಬತ್ತು ಉಳಿದಿವೆ.

ಮನೆಯವರ ನೆರವು ಕೇಳುವುದಾದರೆ ಏನು ಮಾಡಬೇಕೆಂದು ಮೊದಲೇ ಹೇಳಿಡಿ: ಮುಷ್ಟಿ ಕಟ್ಟಿದ್ದು ಕಂಡರೆ ಒಂದು ಒಳ್ಳೆಯ ಮಾತು, ಮರೆತರೆ ಮೆಲ್ಲನೆ ಒಂದು ಸನ್ನೆ. 'ಮತ್ತೆ ಶುರು ಮಾಡಿದ್ಯಾ?' ಅಂತ ರೇಗಿದರೆ ಕೈ ನೇರ ಬಾಯಿಗೇ ಹೋಗುತ್ತದೆ.

ಬೆರಳಲ್ಲಿ ರಕ್ತ, ಕೀವು ಕಂಡರೆ ವೈದ್ಯರಲ್ಲಿಗೆ ಹೋಗಿ. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಬದುಕೇ ಸಾಕು ಅನಿಸುತ್ತಿದ್ದರೆ ಈ ಚೀಟಿ ಮುಷ್ಟಿಗಳನ್ನು ನಂಬಿ ಕಾಯಬೇಡಿ, ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರನ್ನು ಕಾಣಿ. ಉಳಿದವರಿಗೆ, ತಿಂಗಳುಗಳ ನಂತರ ಪರೀಕ್ಷೆಯೋ ಹೊಸ ಕೆಲಸವೋ ಬಂದು ಬೆರಳು ಮತ್ತೆ ತುಟಿಗೆ ಹೋಗತೊಡಗಿದರೆ, ಮೊದಲ ವಾರದ ಚೀಟಿಯನ್ನು ಇನ್ನೊಂದು ವಾರ ಜೇಬಿನಲ್ಲಿಟ್ಟುಕೊಳ್ಳಿ. ಈ ಸಲ ಪ್ರಚೋದನೆ ಬೇರೆಯೇ ಇರಬಹುದು.