ಮಿಡಿ ಮಾವನ 41 ಗಿಡಗಳು: ಎರಡನೇ ತಿಂಗಳ ಲೆಕ್ಕ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಮಿಡಿ ಮಾವ ಹೆಸರಿನ ಚೀಟಿ ಕಟ್ಟದೆ ಬಿಟ್ಟುಹೋದ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ) ಕಸಿ ಗಿಡ ಒಟ್ಟು 41. ಹೆಸರು ಗೊತ್ತಾಗಿದ್ದು 29. ಸತ್ತಿದ್ದು 3. ಹೆಸರು ಸಿಗದೆ ಉಳಿದದ್ದು 9. ಈ ಒಂಬತ್ತರಲ್ಲಿ ನಾಲ್ಕರ ಕತೆ ಕಳೆದ ಭಾನುವಾರವಷ್ಟೇ ಬಿಚ್ಚಿಕೊಂಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ಶಿರಸಿ ಸುತ್ತಮುತ್ತ ಅಪ್ಪೆಮಿಡಿ ಹುಚ್ಚು ಹತ್ತಿದವರು ನಾವೊಂದಿಷ್ಟು ಜನ ಇದ್ದೇವೆ. ಒಬ್ಬರು ಮೇಷ್ಟ್ರು, ಒಬ್ಬರು ಅಡಿಕೆ ತೋಟದವರು, ಒಬ್ಬರು ನರ್ಸ್ ಅಕ್ಕ, ನಾನು ಮೊಬೈಲ್ ರಿಪೇರಿಯವನು. ಭಾನುವಾರ ಬಂತೆಂದರೆ ಹೊಳೆಸಾಲಿನಲ್ಲಿ ಯಾರದ್ದೋ ಮರದ ಬುಡದಲ್ಲಿ ಕತ್ತೆತ್ತಿ ನಿಂತಿರುತ್ತೇವೆ. ನಮಗೆಲ್ಲ ಈ ಹುಚ್ಚು ಹಿಡಿಸಿದವರು ಮಿಡಿ ಮಾವ. ಸಂಬಂಧದಲ್ಲಿ ನಮ್ಮಲ್ಲಿ ಯಾರಿಗೂ ಅವರು ಮಾವ ಅಲ್ಲ. ಯಾರೋ ಒಮ್ಮೆ 'ಮಿಡಿ ಮಾವು' ಅನ್ನಲು ಹೋಗಿ ನಾಲಿಗೆ ತಪ್ಪಿ 'ಮಿಡಿ ಮಾವ' ಅಂದರಂತೆ. ಅದೇ ನಿಂತಿತು. ಅವರ ಹೆಂಡತಿ ನಮಗೆಲ್ಲ ಅತ್ತೆ ಆದರು.

ಆಷಾಢದ ಒಂದು ರಾತ್ರಿ ಊಟ ಮಾಡಿ ಮಲಗಿದ ಮಾವ ಬೆಳಿಗ್ಗೆ ಏಳಲಿಲ್ಲ. ಹಿಂದಿನ ದಿನ ಮಧ್ಯಾಹ್ನ ನನಗೆ ಫೋನ್ ಮಾಡಿ, ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಒಂದು ಸುರುಳಿ ತಾ ಅಂದಿದ್ದರು. ಆ ಸುರುಳಿ ಇನ್ನೂ ನನ್ನ ಅಂಗಡಿಯ ಮೇಜಿನ ಮೇಲಿದೆ.

ಈ ಕೆಲಸ ಶುರುವಾಗಿದ್ದು ಹದಿಮೂರನೇ ದಿನದ ಊಟದ ಪಂಕ್ತಿಯಲ್ಲಿ. ಬಾಳೆ ಎಲೆಯ ತುದಿಗೆ ಮಿಡಿ ಉಪ್ಪಿನಕಾಯಿ ಬಿತ್ತು. ಹೊಸತು, ಆ ವರ್ಷದ್ದೇ. ನಾನು ಕಚ್ಚಿದೆ. ಪಕ್ಕದಲ್ಲಿದ್ದ ಮೇಷ್ಟ್ರೂ ಕಚ್ಚಿದರು. 'ಅನಂತಭಟ್ಟನ ಅಪ್ಪೆ' ಅಂತ ಮಿಡಿಯ ತಳಿ ಹೇಳಿದೆ. 'ಛೆ, ಅಲ್ಲ. ಮಾಳಂಜಿ ಕಡೆಯದ್ದು' ಅಂದರು. ತೋಟದವರು ಎರಡೂ ಅಲ್ಲ ಅಂದರು. ದನಿ ಜೋರಾಯಿತು. ಸಾವಿನ ಮನೆ ಅಂತ ನೆನಪಾಗಿ ಸುಮ್ಮನಾದೆವು. ಇಂಥ ಜಗಳ ಬಂದಾಗಲೆಲ್ಲ ನಾವು ಮಾವನ ಕಡೆ ತಿರುಗುತ್ತಿದ್ದೆವು. ಅವತ್ತೂ ಮೂವರೂ ತಿರುಗಿದೆವು. ಅಲ್ಲಿ ಗೋಡೆಯ ಪಕ್ಕ ಫೋಟೋ ಇತ್ತು.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಆ 41 ಗಿಡ ಕಂಡವು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ಸಾಲಾಗಿ. ಒಂದಕ್ಕೂ ಹೆಸರಿನ ಚೀಟಿ ಇಲ್ಲ.

ಮಾವ ಚೀಟಿ ಕಟ್ಟುತ್ತಿರಲಿಲ್ಲ. ಅದಕ್ಕಾಗಿ ನಾನು ಎಷ್ಟೋ ಸಲ ವಾದ ಮಾಡಿದ್ದೆ. 'ಹೆಸರು ಬರೆದಿಟ್ರೆ ಮೂಗು ಮೈಗಳ್ಳ ಆಗ್ತು ತಮಾ' ಅನ್ನುತ್ತಿದ್ದರು. ಎಲೆ ಕಿತ್ತು, ಉಜ್ಜಿ, ಮೂಗಿಗೆ ಹಿಡಿದು ಹೇಳಿಬಿಡುವುದು. ಅವರಿಗೆ ಅದು ಸರಿ. ನಮಗೆ? ಈಗಲೂ ಇದೊಂದು ವಿಷಯದಲ್ಲಿ ಮಾವನ ಮೇಲೆ ಸಿಟ್ಟಿದೆ ನನಗೆ.

ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಅಂತ ಕೇಳುವವರಿದ್ದಾರೆ. ಅಪ್ಪೆಮಿಡಿ ಅಂದರೆ ಒಂದೇ ಜಾತಿಯ ಮರವಲ್ಲ. ಅಘನಾಶಿನಿ, ಬೇಡ್ತಿ, ಶರಾವತಿ ಹೊಳೆಗಳ ದಂಡೆಯಲ್ಲಿ ತಾನಾಗಿ ಹುಟ್ಟಿದ ಕಾಡುಮರಗಳು. ಒಂದೊಂದಕ್ಕೂ ಬೇರೆ ಆಕಾರ, ಬೇರೆ ಹುಳಿ, ಬೇರೆ ಸೊನೆ. ಒಂದರ ವಾಟೆ ನೆಟ್ಟರೆ ಅದೇ ಮಿಡಿ ಸಿಗುತ್ತದೆ ಅನ್ನುವ ಹಾಗಿಲ್ಲ. ಅದೇ ಬೇಕೆಂದರೆ ಕಸಿಯೇ ಕಟ್ಟಬೇಕು. ಇನ್ನು ಆ ಮೂಲ ಮರಗಳ ಗತಿ ನೋಡಿದರೆ, ಕೆಲವು ನೆರೆಗೆ ದಂಡೆ ಕುಸಿದು ಹೋಗುತ್ತವೆ. ಕೆಲವನ್ನು ಮಿಡಿ ಕೊಯ್ಯುವವರೇ ಮುಗಿಸುತ್ತಾರೆ. ಮರ ಹತ್ತಿ ತೊಟ್ಟು ಸಮೇತ ಕೊಯ್ಯುವ ತಾಳ್ಮೆ ಇಲ್ಲದೆ ಟೊಂಗೆಯನ್ನೇ ಕಡಿದು ಕೆಡವುತ್ತಾರೆ. ಹಾಗಾಗಿ ಮಾವನ ಹಿತ್ತಿಲಲ್ಲಿ ಹೆಸರಿಲ್ಲದೆ ನಿಂತ ಒಂದು ಗಿಡ, ಈಗ ಎಲ್ಲೂ ಇಲ್ಲದ ಮರದ ಕೊನೆಯ ಕುಡಿ ಆಗಿರಬಹುದು.

ಮೊದಲ ಭಾನುವಾರಗಳು

ನಿಯಮ ಮಾಡಿಕೊಂಡೆವು. ಮೂವರು ಬೇರೆ ಬೇರೆಯಾಗಿ ಎಲೆ ಮೂಸಬೇಕು. ತೀರಾ ಚಿಗುರೂ ಅಲ್ಲ, ತೀರಾ ಬಲಿತದ್ದೂ ಅಲ್ಲ, ನಡುವಿನ ಎಲೆ. ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಚೀಟಿಯಲ್ಲಿ ಬರೆದು ಮಡಚಿಡಬೇಕು. ಮೂರೂ ಒಂದೇ ಬಂದರೆ ಮಾತ್ರ ಸೈ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯಲೇಬೇಕು, ಇಲ್ಲದಿದ್ದರೆ ಐದನೇ ಗಿಡದ ಹೊತ್ತಿಗೆ ಎಲ್ಲವೂ ಒಂದೇ ವಾಸನೆ. ಮೇಷ್ಟ್ರಿಗೆ ನೆಗಡಿ ಬಂದ ವಾರ ಅವರ ಮತ ರದ್ದು. ಅವರ ಬದಲು ನರ್ಸ್ ಅಕ್ಕ ಬಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಮೂಸಿದರು.

ಜೀರಿಗೆ ಮಿಡಿಗಳು ಸುಲಭ. ಎಲೆ ಉಜ್ಜಿದರೆ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದ ಹಾಗೆ. ಕರ್ಪೂರದ ಕಡೆ ವಾಲುವವು ಕಷ್ಟ, ಅವುಗಳಲ್ಲೇ ನಮಗೆ ಜಾಸ್ತಿ ಜಗಳ. ಹೀಗೆ 16 ಗಿಡಕ್ಕೆ ಹೆಸರು ಬಿತ್ತು.

ಇದೇ ಸಮಯದಲ್ಲಿ ಆ ಮೂರು ಸತ್ತವು. ತಪ್ಪು ನನ್ನದೇ. ಮಳೆ ಜೋರಾಯಿತೆಂದು ಗಿಡಗಳನ್ನು ಮಾಡಿನ ಬದಿಗೆ ಸರಿಸಿದೆ. ಹಂಚಿನ ನೀರು ನೇರ ಆ ಮೂರರ ಬುಡಕ್ಕೇ ಬೀಳುತ್ತಿತ್ತು, ನಾನು ನೋಡಲಿಲ್ಲ. ವಾರದಲ್ಲಿ ಬುಡ ಕೊಳೆಯಿತು. ಅವು ಯಾವುದಿದ್ದವೋ!

ಕ್ಯಾಲೆಂಡರ್

ಮಾವ ಕಸಿ ಕಟ್ಟಿದ ದಿನ ಗೋಡೆ ಕ್ಯಾಲೆಂಡರಿನಲ್ಲಿ ಏನೋ ಗೀಚುತ್ತಿದ್ದರು ಅಂತ ತೋಟದವರಿಗೆ ನೆನಪಾಯಿತು. ಅತ್ತೆ ಹಳೆಯವನ್ನೂ ಎತ್ತಿಟ್ಟಿದ್ದರು. 'ಹೊ. ಆಚೆ 4' ಅಂದರೆ ಹೊಳೆ ಆಚೆಯ ಮರದ್ದು ನಾಲ್ಕು. 'ಹಳ. 3' ಅಂದರೆ ಹಳದೋಟ ಅಪ್ಪೆ ಮೂರು. 'ಕ.ಕುಂ. 1' ಕರ್ಣಕುಂಡಲ. ಇಲ್ಲಿಯವರೆಗೆ ಸಲೀಸು. ಆದರೆ ಎರಡು ತಿಂಗಳಿಗೊಮ್ಮೆ 'ಗ್ಯಾ.' ಅಂತ ಬರೆದಿತ್ತು. ಯಾವ ಊರು, ಯಾವ ಮಿಡಿ? ಮಧ್ಯಾಹ್ನವಿಡೀ ಚರ್ಚೆ. ಮೇಷ್ಟ್ರು ಹಳ್ಳಿಗಳ ಹೆಸರನ್ನೆಲ್ಲ ಪಟ್ಟಿ ಮಾಡಲು ಕೂತರು. ಆಸರಿಗೆ (ಕುಡಿಯಲು ಏನಾದರೂ) ಕೊಡಲು ಬಂದ ಅತ್ತೆ ನೋಡಿ, 'ಅದು ಗ್ಯಾಸ್ ಬಂದಿದ್ದು, ತಮಾ' ಅಂದರು. ಆ ಮನೆಯಲ್ಲಿ ಮಾವ ಹೋದಮೇಲೆ ಮೊದಲ ಸಲ ನಗು ಕೇಳಿದ್ದು ಅವತ್ತೇ.

ಕ್ಯಾಲೆಂಡರಿನಿಂದ 8 ಸಿಕ್ಕವು.

ಹೊಳೆಸಾಲು

ಮಳೆ ಬಿಟ್ಟ ಒಂದು ಭಾನುವಾರ, ಅನುಮಾನದ ಗಿಡಗಳ ಎಲೆಗಳನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು ಮರಗಳ ಹತ್ತಿರವೇ ಹೋದೆವು. ಮಾವ ಕಸಿಕಡ್ಡಿ ತರುತ್ತಿದ್ದುದೂ ಹೀಗೆಯೇ. ಎರಡು ಮೂರು ದಿನ ಹಸಿಯಾಗಿಯೇ ಇರುತ್ತದೆ.

ದಾರಿಯುದ್ದಕ್ಕೂ ಅವರದ್ದೇ ಮಾತು. ನಾನು ಮೊದಲ ವರ್ಷ 20 ಕಸಿ ಕಟ್ಟಿ, ಒಂದು ಬದುಕಿಸಿಕೊಂಡಿದ್ದೆ. ಮಾವ ಬಂದವರು ಗಿಡ ನೋಡಲಿಲ್ಲ, ನನ್ನ ಬ್ಲೇಡ್ ಕೇಳಿದರು. 'ಗಡ್ಡ ಹೆರೆದಿದ್ದಾ?' ಹೌದು ಅಂದೆ. ತೆಗೆದು ಹಿತ್ತಿಲಾಚೆ ಎಸೆದರು. ಆಮೇಲೆ ಹೊಸ ಬ್ಲೇಡಿನಲ್ಲಿ ಕಡ್ಡಿಯ ಬುಡವನ್ನು ಎರಡೂ ಕಡೆ ಸವರಿ ಬೆಣೆ ಮಾಡಿದರು. ಬುಡದ ಗಿಡದ ತಲೆ ಕತ್ತರಿಸಿ ಸೀಳಿದರು. ಕಡ್ಡಿ ಸಣ್ಣ, ಗಿಡ ದಪ್ಪ. ನಾನು ಸರಿಯಾಗಿ ನಡುವೆ ಕೂರಿಸುತ್ತಿದ್ದೆ, ಚೆಂದ ಕಾಣಲಿ ಅಂತ. ಅವರು ಒಂದು ಬದಿಗೆ ಸರಿಸಿದರು. 'ಸಿಪ್ಪೆಗೆ ಸಿಪ್ಪೆ ತಾಗಿದ್ರೆ ಮಾತ್ರ ಬದುಕ್ತು. ಚೆಂದ ಯಾರಿಗೆ ಬೇಕು?' ಪಟ್ಟಿ ಬಿಗಿದು, ಮೇಲೆ ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಹಾಕಿದರು. ಕಡ್ಡಿ ಕಡಿಯುವ ವಾರ ಹತ್ತು ದಿನ ಮೊದಲೇ ಮರದ ಮೇಲೆ ಅದರ ಎಲೆ ತೆಗೆದಿಡಬೇಕು, ಆಗ ಮೊಗ್ಗು ಉಬ್ಬಿರುತ್ತದೆ ಅನ್ನುವುದನ್ನು ಮಾತ್ರ ಎರಡು ವರ್ಷ ಹೇಳಲೇ ಇಲ್ಲ. ಯಾಕೆ ಅಂತ ಕೇಳಿದ್ದಕ್ಕೆ, 'ನೀ ಕೇಳಿದ್ದೇ ಇಲ್ಯಲ' ಅಂದರು.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಸರಿಯಾಗಿ ಮಿಡಿಯ ಹೊತ್ತಿಗೇ. ಊರಿಗೆ ಊರೇ ಜಾತ್ರೆಪೇಟೆಯಲ್ಲಿದ್ದರೆ ಮಾವ ಹೊಳೆದಂಡೆಯಲ್ಲಿ. ಒಂದು ಸಲ ಅತ್ತೆ ಬಳೆ ತರಲು ಹೇಳಿ ಕಳಿಸಿದ್ದರು. ರಾತ್ರಿ ಬರುವಾಗ ಕೈಯಲ್ಲಿ ಬಳೆ ಇರಲಿಲ್ಲ, ಹೆಗಲ ಮೇಲೆ ಅರ್ಧ ಮೂಟೆ ಮಿಡಿ ಇತ್ತಂತೆ.

ಆ ದಿನ 5 ಗಿಡದ ಗುರುತು ಹತ್ತಿತು.

ಕಳೆದ ಭಾನುವಾರ

ಉಳಿದ ಒಂಬತ್ತರಲ್ಲಿ ನಾಲ್ಕು ಗಿಡದ ಎಲೆ ಒಂದೇ ಥರ. ಅಂಚು ಅಲೆಅಲೆ, ಉಜ್ಜಿದರೆ ಕರ್ಪೂರವೂ ಅಲ್ಲ, ಜೀರಿಗೆಯೂ ಅಲ್ಲ. ನಾವು ಯಾರೂ ಆ ವಾಸನೆಯನ್ನು ಮುಂಚೆ ಕಂಡಿಲ್ಲ. ಕ್ಯಾಲೆಂಡರಿನಲ್ಲೂ ಇಲ್ಲ. ಸೋತು ಜಗಲಿಯ ಮೇಲೆ ಕೂತಿದ್ದೆವು. ಮೇಷ್ಟ್ರ ಕೈಯಲ್ಲಿದ್ದ ಎಲೆಯನ್ನು ಅತ್ತೆ ಇಸಿದುಕೊಂಡರು. ಉಜ್ಜಲೂ ಇಲ್ಲ, ಸುಮ್ನೆ ಮುರಿದು ನೋಡಿದರು. 'ಇದು ಯನ್ನ ಅಪ್ಪನ ಮನೆ ಮರದ್ದು' ಅಂದರು.

ಎರಡು ತಿಂಗಳಿಂದ ಅವರ ಕೈಯ ಚಾ ಕುಡಿದುಕೊಂಡು, ಅವರ ಹಿತ್ತಿಲಲ್ಲೇ ಮೂಸುತ್ತಿದ್ದೇವೆ. ಅವರನ್ನೊಂದು ಮಾತು ಕೇಳಬೇಕು ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ಮಿಡಿಯನ್ನು ಉಪ್ಪಿಗೆ ಹಾಕಿ, ಚಿರುಟಿಸಿ, ಖಾರ ಬೀಸಿ ಭರಣಿ ತುಂಬಿದವರು ಅವರೇ ಅಲ್ವಾ?

ಅವರ ತವರು ದೇವಿಮನೆ ಘಟ್ಟ ಇಳಿದ ಮೇಲೆ, ಅಘನಾಶಿನಿ ದಂಡೆಯಲ್ಲಿ. 2019ರ ನೆರೆಯಲ್ಲಿ ಆ ಮರ ಬುಡಮೇಲಾಯಿತು. ಸುದ್ದಿ ತಿಳಿದು ದಾರಿ ತೆರೆದ ಕೂಡಲೇ ಮಾವ ಬಸ್ಸು ಹತ್ತಿದರು. ಬಿದ್ದ ಮರದಲ್ಲಿ ಇನ್ನೂ ಹಸಿ ಇದ್ದ ಟೊಂಗೆ ಹುಡುಕಿ ಕಡ್ಡಿ ತಂದರು. ಅದೆಷ್ಟು ಕಸಿ ಕಟ್ಟಿದರೋ, ಬದುಕಿದ್ದು ಒಂದು. ಅದೇ ಬಾವಿಕಟ್ಟೆ ಪಕ್ಕದ ಗಿಡ, ಅತ್ತೆ ದಿನಾ ಅಕ್ಕಿ ತೊಳೆದ ನೀರು ಹೊಯ್ಯುವುದು. ಈ ನಾಲ್ಕು ಅದರದ್ದೇ ಮರಿಗಳು. ಬಾವಿಕಟ್ಟೆಯ ಗಿಡ ಈ ಸಲ ಮೊದಲ ಬಾರಿ ಮಿಡಿ ಬಿಟ್ಟಿತ್ತು. ಮಾವ ತಾವೇ ಏಣಿ ಹಾಕಿ ಒಂದೊಂದಾಗಿ ಕೊಯ್ದರಂತೆ. ಹದಿಮೂರನೇ ದಿನ ಎಲೆತುದಿಗೆ ಬಿದ್ದದ್ದು ಅದೇ.

ಹೆಸರೇನು ಅಂತ ಕೇಳಿದೆ, ತಗಡಿನ ಪಟ್ಟಿ ಮತ್ತು ಮೊಳೆ ಹಿಡಿದುಕೊಂಡು.

'ಹೆಸರು ಎಂತದೂ ಇಲ್ಲೆ. ಮನೇಲಿ ಮರ ಹೇಳೇ ಹೇಳ್ತಿದ್ಯ.'

ತಗಡಿನ ಮೇಲೆ 'ಮರ' ಅಂತಲೇ ಗೀರಿ ನಾಲ್ಕಕ್ಕೂ ಕಟ್ಟಿದೆ. ಇನ್ನೂ ಐದು ಬಾಕಿ. ಮುಂದಿನ ವಾರ ಅವುಗಳ ಎಲೆಯನ್ನು ಮೊದಲು ಅತ್ತೆಯ ಕೈಗೆ ಕೊಡುವುದು, ಆಮೇಲೆ ನಮ್ಮ ಮೂಗು.

ಇನ್ನೊಂದು ಮಾತು. ಬಾವಿಕಟ್ಟೆಯ ಆ ಗಿಡಕ್ಕೆ ಎರಡು ತಿಂಗಳು ನಾವು ಚೀಲ, ಕೊಡೆ, ರೇನ್‌ಕೋಟ್ ಎಲ್ಲ ನೇತುಹಾಕಿದ್ದೆವು. ಅತ್ತೆ ಏನೂ ಅಂದಿರಲಿಲ್ಲ. ಭಾನುವಾರ ಸಂಜೆ ಹೊರಡುವ ಮುಂಚೆ ತೋಟದವರು ಪಾಗಾರಕ್ಕೆ (ಕಾಂಪೌಂಡ್ ಗೋಡೆಗೆ) ನಾಲ್ಕು ಮೊಳೆ ಹೊಡೆದು, ಎಲ್ಲವನ್ನೂ ಅಲ್ಲಿಗೆ ದಾಟಿಸಿದರು.