ಇಜ್ಮಿರ್‌ನಲ್ಲಿ ಮನೆ ಮಾಡುವವರಿಗೆ: ಜೆಟ್ಟಿ ಹತ್ತಿರ ಇರಲಿ

ಟರ್ಕಿ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಇಸ್ತಾಂಬುಲ್. ನಮಗೆ ಒದಗಿ ಬಂದಿದ್ದು ಇಜ್ಮಿರ್. ಏಜಿಯನ್ ಸಮುದ್ರದ ಕೊಲ್ಲಿಯೊಂದರ ಸುತ್ತ ಹರಡಿಕೊಂಡಿರುವ ಈ ಊರು ಟರ್ಕಿಯ ಮೂರನೇ ದೊಡ್ಡ ನಗರ. ಯಜಮಾನರ ಕೆಲಸದ ಕಾರಣ ಇಲ್ಲಿಗೆ ಬಂದು ಸಂಸಾರ ಹೂಡಿದ ಮೇಲೆ, ಬೆಂಗಳೂರು, ಮೈಸೂರಿನ ಪರಿಚಯದವರು ಆಗಾಗ ಕೇಳುತ್ತಿರುತ್ತಾರೆ: ಅಲ್ಲಿ ಬದುಕು ಹೇಗೆ, ಸಸ್ಯಾಹಾರಿಗಳಿಗೆ ಊಟಕ್ಕೇನು ಗತಿ, ಮನೆ ಎಲ್ಲಿ ನೋಡೋದು? ಕೆಲಸಕ್ಕೋ ಓದಿಗೋ ಬಂದು ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮನೆಯ ವಿಷಯ. ಮನೆಯಿಂದ ಫೆರಿ ಜೆಟ್ಟಿಗೆ ನಡೆದು ಹೋಗುವಂತಿರಬೇಕು. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ, ಕೋಣೆ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ. ಇಲ್ಲಿ ಜನ ಕೊಲ್ಲಿಯ ಒಂದು ದಡದಲ್ಲಿ ಮಲಗಿ ಎದ್ದು, ಇನ್ನೊಂದು ದಡದಲ್ಲಿ ಕೆಲಸ ಮಾಡುತ್ತಾರೆ. ಉತ್ತರ ದಡದಲ್ಲಿ ಕಾರ್ಶಿಯಾಕಾ, ಬೊಸ್ತಾನ್ಲಿ. ದಕ್ಷಿಣದಲ್ಲಿ ಅಲ್ಸಂಜಾಕ್, ಕೊನಾಕ್, ಗ್ಯೋಜ್‌ತೆಪೆ. ಕಾರ್ಶಿಯಾಕಾದಿಂದ ಕೊನಾಕ್‌ಗೆ ಫೆರಿಯಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಅದೇ ದಾರಿಯನ್ನು ಕಾರಿನಲ್ಲಿ ಸುತ್ತಿ ಬರಬೇಕಾದರೆ ಟ್ರಾಫಿಕ್‌ನಲ್ಲಿ ಜೀವ ಹೈರಾಣಾಗುತ್ತದೆ. ಫೆರಿಯಲ್ಲಾದರೆ ಮೇಲಿನ ಡೆಕ್‌ನಲ್ಲಿ ಜಾಗ ಹಿಡಿದು, ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಹಿಡಿದು ಕೂತರೆ ಮುಗಿಯಿತು. ಎಳ್ಳು ಮೆತ್ತಿದ, ಬಳೆಯಂತಿರುವ ಬ್ರೆಡ್ಡನ್ನು ಇಲ್ಲಿ ಗೆವ್ರೆಕ್ ಅನ್ನುತ್ತಾರೆ. ಅರ್ಧ ತಾವು ತಿಂದು ಅರ್ಧ ಕಡಲಕಾಗೆಗಳಿಗೆ ಎಸೆಯುತ್ತಾರೆ. ಹಕ್ಕಿಗಳು ಹಡಗಿನ ಜೊತೆಜೊತೆಗೇ ಹಾರುತ್ತಾ ಗಾಳಿಯಲ್ಲೇ ಚೂರು ಹಿಡಿಯುತ್ತವೆ. ದಿನಾ ಆಫೀಸಿಗೆ ಹೋಗುವ ಜನರೂ ಮೊಬೈಲ್ ಪಕ್ಕಕ್ಕಿಟ್ಟು ಇದನ್ನು ನೋಡುತ್ತಾರೆ ಅಂದರೆ ನೋಡಿ!

ಇಳಿದ ಕೂಡಲೇ ಇಜ್ಮಿರಿಮ್ ಕಾರ್ಡ್ ಮಾಡಿಸಿಕೊಳ್ಳಿ. ಬಸ್ಸು, ಮೆಟ್ರೊ, ಟ್ರಾಮ್, ಫೆರಿ, ಇಜ್‌ಬಾನ್ ರೈಲು, ಎಲ್ಲಕ್ಕೂ ಅದೊಂದೇ ಕಾರ್ಡ್. ಅದ್ನಾನ್ ಮೆಂದೆರೆಸ್ ವಿಮಾನ ನಿಲ್ದಾಣದಿಂದಲೇ ಇಜ್‌ಬಾನ್ ಹಿಡಿದು ಊರೊಳಗೆ ಬರಬಹುದು, ಟ್ಯಾಕ್ಸಿ ಬೇಕಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2020ರ ಅಕ್ಟೋಬರ್ 30ರಂದು ಸಾಮೋಸ್ ದ್ವೀಪದ ಬಳಿ ಆದ ಭೂಕಂಪದಲ್ಲಿ ಇಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಬಾಯ್ರಾಕ್ಲಿ ಪ್ರದೇಶದಲ್ಲಿ ಇಡೀ ಅಪಾರ್ಟ್‌ಮೆಂಟುಗಳೇ ಕುಸಿದವು. ಮನೆ ನೋಡಲು ಹೋದಾಗ ಅಡುಗೆಮನೆ, ಬಾಲ್ಕನಿಗಿಂತ ಮುಂಚೆ ಕಟ್ಟಡ ಯಾವ ವರ್ಷದ್ದು ಎಂದು ಕೇಳಿ. 1999ರ ದೊಡ್ಡ ಭೂಕಂಪದ ನಂತರ ಟರ್ಕಿಯಲ್ಲಿ ಕಟ್ಟಡ ನಿಯಮಗಳ ಜಾರಿ ಬಿಗಿಯಾಯಿತು. ಹಾಗಾಗಿ 2000ದ ನಂತರ ಕಟ್ಟಿದ್ದನ್ನೇ ಹುಡುಕಿ ಎನ್ನುವುದು ನನ್ನ ಸಲಹೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಇಲ್ಲಿನವರೂ ಮೊದಲು ಕೇಳುವುದು ಅದನ್ನೇ. ದಾಸ್ಕ್ ಎಂಬ ಕಡ್ಡಾಯ ಭೂಕಂಪ ವಿಮೆಯನ್ನು ಮಾಲೀಕರು ಮಾಡಿಸಿರಬೇಕು. ನಿಮ್ಮ ಹೆಸರಿಗೆ ಕರೆಂಟು, ನೀರಿನ ಸಂಪರ್ಕ ಪಡೆಯಲು ಅದರ ನಂಬರ್ ಕೇಳುತ್ತಾರೆ. ಬಾಡಿಗೆಯ ಜೊತೆಗೆ ಐದಾತ್ ಎಂದು ಪ್ರತಿ ತಿಂಗಳ ನಿರ್ವಹಣಾ ಶುಲ್ಕ ಬೇರೆ ಇರುತ್ತದೆ, ಒಪ್ಪಂದಕ್ಕೆ ಮುಂಚೆಯೇ ಎಷ್ಟೆಂದು ಕೇಳಿಕೊಳ್ಳಿ. ಹಣದುಬ್ಬರ ಜಾಸ್ತಿ ಇರುವ ದೇಶವಾದ್ದರಿಂದ ನಾನು ಇಲ್ಲಿ ಬೆಲೆಗಳನ್ನು ಬರೆಯುತ್ತಿಲ್ಲ. ಇವತ್ತಿನ ಬೆಲೆ ಆರು ತಿಂಗಳಿಗೆ ಹಳೆಯದಾಗುತ್ತದೆ.

ಕಾಗದಪತ್ರದ ಕೆಲಸ ಸ್ವಲ್ಪ ಇದೆ. ಕೆಲಸದ ಪರವಾನಗಿ ಇದ್ದವರಿಗೆ ಅದೇ ವಾಸದ ಪರವಾನಗಿಯೂ ಹೌದು. ಜೊತೆಗೆ ಬರುವ ಗಂಡ, ಹೆಂಡತಿ, ಮಕ್ಕಳು ಇಕಾಮೆತ್ ಎಂಬ ವಾಸದ ಕಾರ್ಡಿಗೆ ಬೇರೆ ಅರ್ಜಿ ಹಾಕಬೇಕು. ಮುಂಗಡ ಕೊಡುವ ಮುಂಚೆ ಆ ಬಡಾವಣೆಯಲ್ಲಿ ವಿದೇಶಿಗರ ನೋಂದಣಿ ತೆರೆದಿದೆಯೇ ಎಂದು ವಿಚಾರಿಸಿ. ವಿದೇಶಿಗರು ನೂರಕ್ಕೆ 20ಕ್ಕಿಂತ ಹೆಚ್ಚಾದ ಬಡಾವಣೆಗಳಲ್ಲಿ ಹೊಸಬರ ವಿಳಾಸ ನೋಂದಣಿಯನ್ನು 2022ರ ಜುಲೈನಲ್ಲಿ ನಿಲ್ಲಿಸಿದರು. ವಿಳಾಸ ಇಲ್ಲದೆ ಇಕಾಮೆತ್ ಇಲ್ಲ. ಮೊಬೈಲ್ ವಿಷಯ ಯಾರೂ ಮುಂಚೆ ಹೇಳುವುದಿಲ್ಲ: ಊರಿಂದ ತಂದ ಫೋನಿಗೆ ಟರ್ಕಿಯ ಸಿಮ್ ಹಾಕಿದರೆ 120 ದಿನ ನಡೆಯುತ್ತದೆ, ಆಮೇಲೆ ನೆಟ್‌ವರ್ಕ್ ಬಂದ್. ಮುಂದೆಯೂ ನಡೆಯಬೇಕೆಂದರೆ ಫೋನನ್ನು ನೋಂದಾಯಿಸಬೇಕು, ಅದರ ಶುಲ್ಕ ಹತ್ತಾರು ಸಾವಿರ ಲಿರಾ. ಇಲ್ಲೇ ಒಂದು ಸಾಧಾರಣ ಫೋನ್ ಕೊಳ್ಳುವುದು ವಾಸಿ.

ಈಗ ಊಟ. ಕಬಾಬಿನ ದೇಶ ಎಂದು ಹೆದರಿಕೊಂಡು ಬರುವ ಸಸ್ಯಾಹಾರಿಗಳಿಗೆ ನಾನು ಧೈರ್ಯ ಹೇಳುತ್ತೇನೆ. ಈ ಕರಾವಳಿಯ ಅಡುಗೆಯ ಜೀವಾಳ ಸೊಪ್ಪು ಮತ್ತು ಆಲಿವ್ ಎಣ್ಣೆ. ಬೊಸ್ತಾನ್ಲಿಯಲ್ಲಿ ಬುಧವಾರ ದೊಡ್ಡ ಸಂತೆ ನಡೆಯುತ್ತದೆ. ಚಳಿಗಾಲ ಮುಗಿದು ವಸಂತ ಬರುವ ಹೊತ್ತಿಗೆ ಇಲ್ಲಿನ ಸಂತೆಗಳಿಗೆ ಹೋದರೆ, ಹಳ್ಳಿಯಿಂದ ಬಂದ ಹೆಂಗಸರು ಗುಡ್ಡದಲ್ಲಿ ಕಿತ್ತ ಸೊಪ್ಪುಗಳನ್ನು ರಾಶಿ ಹಾಕಿಕೊಂಡು ಕೂತಿರುತ್ತಾರೆ. ರಾದಿಕಾ, ತುರ್ಪ್ ಓತು, ಎಬೆಗ್ಯುಮೆಜಿ, ತುರಚಿಯಂತೆ ಚುಚ್ಚುವ ಇಸಿರ್ಗಾನ್. ಬೇಸಿಗೆ ಬಂದಂತೆ ದೆನಿಜ್ ಬ್ಯೊರುಲ್ಜೆಸಿ ಸಿಗುತ್ತದೆ. ಉಪ್ಪುನೀರಿನ ಜೌಗಿನಲ್ಲಿ ಬೆಳೆಯುವ ಹಸಿರು ಕಡ್ಡಿಗಳವು, ತಾವೇ ಉಪ್ಪಾಗಿರುತ್ತವೆ. ಕೆಳಗಿನ ಮನೆಯ ಅಜ್ಜಿ ನನಗೆ ಮಾಡಿ ತೋರಿಸಿದ ವಿಧಾನ ಇಷ್ಟೇ: ಉಪ್ಪು ಹಾಕದೆ ಬೇಯಿಸು, ಒಂದೊಂದೇ ಕಡ್ಡಿಯ ಬುಡ ಹಿಡಿದು ಎಳೆ, ಒಳಗಿನ ಗಟ್ಟಿ ನಾರು ಕೈಗೆ ಬರುತ್ತದೆ, ತಿರುಳು ತಟ್ಟೆಯಲ್ಲಿ ಉಳಿಯುತ್ತದೆ. ಅದರ ಮೇಲೆ ಜಜ್ಜಿದ ಬೆಳ್ಳುಳ್ಳಿ, ನಿಂಬೆರಸ, ಧಾರಾಳವಾಗಿ ಆಲಿವ್ ಎಣ್ಣೆ. ಅನ್ನದ ಜೊತೆ ಕಲಸಿ ತಿಂದರೂ ಚೆನ್ನಾಗಿರುತ್ತದೆ, ಅಜ್ಜಿಗೆ ಅದು ವಿಚಿತ್ರವಾಗಿ ಕಂಡಿತು ಅಷ್ಟೆ.

ಹೋಟೆಲಿನಲ್ಲಿ ‘ಜೇತಿನ್‌ಯಾಲಿ’ ಎಂದು ಬರೆದ ಪದಾರ್ಥಗಳನ್ನು ಹುಡುಕಿ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿ ಬಡಿಸುವ ತರಕಾರಿಗಳವು, ಮಾಂಸ ಇರುವುದಿಲ್ಲ. ಪಲ್ಲೆಹೂವು (ಆರ್ಟಿಚೋಕ್), ಹುರುಳಿಕಾಯಿ, ಬದನೆಕಾಯಿ, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ್ದು. ಎಚ್ಚರ ಬೇಕಿರುವುದು ಬೇಳೆ ಸೂಪು ಮತ್ತು ಪಿಲಾವ್ ವಿಷಯದಲ್ಲಿ. ನೋಡಲು ಸಸ್ಯಾಹಾರವೇ, ಆದರೆ ಕೆಲವು ಕಡೆ ಮಾಂಸ ಬೇಯಿಸಿದ ನೀರು ಹಾಕಿರುತ್ತಾರೆ. ‘ಎತ್ ಸುಯು ವಾರ್ ಮಿ?’ ಎಂದು ಕೇಳಿ, ನಿಜ ಹೇಳುತ್ತಾರೆ. ಬೀದಿಯಲ್ಲಿ ಸಿಗುವ ಚೀ ಕ್ಯೊಫ್ತೆ ಎಂಬ ಖಾರದ ಗೋಧಿ ನುಚ್ಚಿನ ಉಂಡೆಗೆ ಈಗ ಅಂಗಡಿಗಳಲ್ಲಿ ಮಾಂಸ ಹಾಕುವುದಿಲ್ಲ. ಬೆಳಗಿನ ತಿಂಡಿಗೆ ಬೊಯೊಜ್ ತಿನ್ನಿ. 1492ರ ನಂತರ ಸ್ಪೇನಿನಿಂದ ಓಡಿಬಂದ ಯಹೂದಿಗಳು ತಂದ ಪದರಪದರದ ತಿಂಡಿ ಅದು, ಬಿಸಿ ಇರುವಾಗಲೇ ತಿನ್ನಬೇಕು.

ಊರಿಂದ ತರಬೇಕಾದ್ದು: ತೊಗರಿಬೇಳೆ, ಇಂಗು, ಸಾರಿನ ಪುಡಿ, ಒಣಗಿಸಿದ ಕರಿಬೇವು. ಕೊತ್ತಂಬರಿ ಸೊಪ್ಪು ಅಪರೂಪ. ಸಂತೆಯಲ್ಲಿ ಕೊತ್ತಂಬರಿಯೆಂದು ಕಾಣುವ ಕಟ್ಟು ಪಾರ್ಸ್ಲಿ ಆಗಿರುತ್ತದೆ, ಮೂಸಿ ನೋಡಿಯೇ ಕೊಳ್ಳಿ. ಮೊಸರಿಗೆ ಮಾತ್ರ ಯಾವ ಕೊರತೆಯೂ ಇಲ್ಲ. ಕೆಜಿಗಟ್ಟಲೆ ಡಬ್ಬಗಳಲ್ಲಿ ಮಾರುತ್ತಾರೆ. ಉಪ್ಪು ಹಾಕಿದ ಮಜ್ಜಿಗೆ, ಅವರ ಆಯ್ರಾನ್, ಎಲ್ಲೆಂದರಲ್ಲಿ ಸಿಗುತ್ತದೆ.

ಸಂಜೆ ಹೊತ್ತು ಕಳೆಯಲು ಇಲ್ಲಿ ದುಡ್ಡೇ ಬೇಡ. ಅಲ್ಸಂಜಾಕ್‌ನ ಕೊರ್ದೊನ್ ದಂಡೆಯಲ್ಲಿ ಸಮುದ್ರದ ಪಕ್ಕಕ್ಕೇ ಉದ್ದಕ್ಕೂ ಹುಲ್ಲುಹಾಸು. ಜಮಖಾನ ಹಾಸಿ, ಸೂರ್ಯಕಾಂತಿ ಬೀಜ ಸುಲಿಯುತ್ತಾ ಸಂಸಾರ ಸಮೇತ ಕೂರುತ್ತಾರೆ. 1990ರ ದಶಕದಲ್ಲಿ ಇಲ್ಲಿ ಸಮುದ್ರ ತುಂಬಿಸಿ ಹೆದ್ದಾರಿ ಮಾಡಲು ಹೊರಟಿದ್ದರಂತೆ. ಜನ ಕೋರ್ಟಿಗೆ ಹೋಗಿ ಹೋರಾಡಿದ್ದರಿಂದ ರಸ್ತೆಯ ಬದಲು ಈ ಹುಲ್ಲು ಬಂತು. ಇದನ್ನು ತಿಳಿದ ಮೇಲೆ ನನಗೆ ಈ ಊರಿನವರ ಮೇಲೆ ಗೌರವ ಇನ್ನೂ ಹೆಚ್ಚಿತು. ನಮ್ಮ ಕೆರೆಯಂಗಳಗಳಿಗೂ ಇಂಥ ಭಾಗ್ಯ ಸಿಗಬೇಕಿತ್ತು ಅಲ್ವಾ? ಬೇಸಿಗೆಯ ಮಧ್ಯಾಹ್ನದ ನಂತರ ಇಂಬಾತ್ ಎಂಬ ಕಡಲಗಾಳಿ ಬೀಸತೊಡಗಿದ ಮೇಲೇ ಹೊರಡಿ, ಅದಕ್ಕೆ ಮುಂಚೆ ಬಿಸಿಲು ಸುಡುತ್ತದೆ. ಸೆಖೆಗಾಲದಲ್ಲಿ ಒಳಕೊಲ್ಲಿಯ ನೀರು ಕೆಲವೊಮ್ಮೆ ವಾಸನೆ ಬರುವುದೂ ಉಂಟು. 2024ರ ಆಗಸ್ಟ್‌ನಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಈಜಬೇಕೆನ್ನುವವರು ಊರೊಳಗೆ ನೀರಿಗಿಳಿಯದೆ ಚೆಶ್ಮೆ ಬಸ್ ಹತ್ತಿ. ಸುಮಾರು 80 ಕಿಲೋಮೀಟರ್. ಅಲ್ಲಿನ ಇಲಿಜಾದಲ್ಲಿ ಮರಳು ಮೆತ್ತಗೆ, ನೀರು ಬಹಳ ದೂರದವರೆಗೆ ಆಳವಿಲ್ಲ, ಮಕ್ಕಳಿಗೆ ಹೇಳಿಮಾಡಿಸಿದ ಜಾಗ.

ಬೀದಿ ಬದಿಯಲ್ಲಿ ಎಣ್ಣೆ ಬಾಣಲೆಯ ಮುಂದೆ ಉದ್ದ ಕ್ಯೂ ಕಂಡರೆ ನೀವೂ ನಿಲ್ಲಿ. ತೀರಿಕೊಂಡವರ ನೆನಪಿಗೆ ಮನೆಯವರು ಲೊಕ್ಮಾ ಹಂಚಿಸುತ್ತಾರೆ. ಹುದುಗು ಬಂದ ಹಿಟ್ಟನ್ನು ಉಂಡೆ ಉಂಡೆಯಾಗಿ ಕರಿದು ಪಾಕದಲ್ಲಿ ಅದ್ದಿದ ಸಿಹಿ. ಯಾರು, ಎಲ್ಲಿಯವರು ಎಂದು ಕೇಳುವುದಿಲ್ಲ, ದುಡ್ಡೂ ಇಲ್ಲ. ‘ಅಲ್ಲಾಹ್ ಕಬುಲ್ ಎತ್ಸಿನ್’ (ದೇವರು ಸ್ವೀಕರಿಸಲಿ) ಎಂದು ಹೇಳಿ ತೆಗೆದುಕೊಳ್ಳುವುದು ಕ್ರಮ. ಮೊಹರಂ ತಿಂಗಳಲ್ಲಿ ಅಕ್ಕಪಕ್ಕದವರು ಕಾಳು, ಗೋಧಿ, ಒಣಹಣ್ಣು ಹಾಕಿದ ಆಶುರೆ ಪಾಯಸ ತಂದುಕೊಡುತ್ತಾರೆ. ಬಟ್ಟಲನ್ನು ಬರಿದಾಗಿ ವಾಪಸ್ ಕೊಡಬೇಡಿ, ಇಲ್ಲೂ ಹಾಗೆ ಕೊಡುವುದಿಲ್ಲ. ನಾನು ಕೊಟ್ಟ ರವೆ ಉಂಡೆ ಇಡೀ ಬಿಲ್ಡಿಂಗಿಗೆ ನನ್ನ ಪರಿಚಯ ಮಾಡಿಸಿತು.

ಟರ್ಕಿಶ್ ಕಲಿಯಲು ಹಿಂಜರಿಯಬೇಡಿ. ನಮ್ಮಂತೆಯೇ ಕ್ರಿಯಾಪದ ಕೊನೆಗೆ, ಪ್ರತ್ಯಯಗಳೆಲ್ಲ ಪದದ ಬಾಲಕ್ಕೆ. ಕನ್ನಡ ಬಲ್ಲವರಿಗೆ ವಾಕ್ಯ ಕಟ್ಟುವುದು ಬೇಗ ಒಗ್ಗುತ್ತದೆ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದಾದರೆ ಏಪ್ರಿಲ್, ಮೇ ಒಳ್ಳೆಯ ಸಮಯ. ಜುಲೈ, ಆಗಸ್ಟ್ ಬೇಡ, ವಯಸ್ಸಾದವರಿಗೆ ಆ ಬಿಸಿಲು ಆಗುವುದಿಲ್ಲ. ಚಳಿಗಾಲದಲ್ಲಿ ಮಳೆ, ಜೊತೆಗೆ ಲೊದೊಸ್ ಎಂಬ ದಕ್ಷಿಣದ ಗಾಳಿ ಜೋರಾದ ದಿನ ಫೆರಿಗಳೇ ರದ್ದಾಗುತ್ತವೆ. ಅವರಿಗೆ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಶೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಟರ್ಕಿಯ ಇ-ವೀಸಾ ಸುಲಭ, ಇಲ್ಲದಿದ್ದರೆ ಮಾಮೂಲಿ ವೀಸಾಕ್ಕೆ ಸಾಕಷ್ಟು ಮುಂಚೆಯೇ ಅರ್ಜಿ ಹಾಕಿಸಿ. ಬಂದ ಮೇಲೆ ಎಫೆಸಸ್ ಎಂಬ ಪ್ರಾಚೀನ ನಗರದ ಅವಶೇಷಗಳನ್ನು ತೋರಿಸಲೇಬೇಕು. ಬಾಸ್ಮಾನೆ ನಿಲ್ದಾಣದಿಂದ ಅದರ ಪಕ್ಕದ ಊರಾದ ಸೆಲ್ಚುಕ್‌ಗೆ ರೈಲಿದೆ. ಅಮೃತಶಿಲೆಯ ದಾರಿ ಸವೆದು ನುಣುಪಾಗಿದೆ, ಚಪ್ಪಲಿ ಜಾರುತ್ತದೆ, ಅವರಿಗೆ ಶೂ ಹಾಕಿಸಿ. ಒಳಗೆ ನೆರಳು ಕಡಿಮೆ, ಬಾಗಿಲು ತೆರೆಯುವ ಹೊತ್ತಿಗೇ ತಲುಪಿ. ಮೇಲಿನ ಬಾಗಿಲಿನಿಂದ ಒಳಗೆ ಹೋದರೆ ಸೆಲ್ಸಸ್ ಗ್ರಂಥಾಲಯದವರೆಗೂ ಇಳಿಜಾರು, ಮಂಡಿನೋವಿನವರೂ ನಿಧಾನವಾಗಿ ನಡೆದು ನೋಡಬಹುದು.