ಮೂರನೇ ಸಲ ಓದಿದ ಉತ್ತರ ಪತ್ರಿಕೆ

ನಾನು ಪದವಿ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿ. ಮೂರು ವರ್ಷದ ಹಿಂದೆ ನಾನು 17 ಅಂಕ ಕೊಟ್ಟಿದ್ದ ಪತ್ರಿಕೆಯೊಂದು ಮರುಮೌಲ್ಯಮಾಪನದಲ್ಲಿ 41 ಆಯಿತು. ಹಿರಿಯ ಮೌಲ್ಯಮಾಪಕರು ಕರೆದು ತೋರಿಸಿದರು. ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ, ಪ್ರಶ್ನೆ ಸಂಖ್ಯೆ ಹಿಂದುಮುಂದು. ಉತ್ತರ ಮಾತ್ರ ಸರಿಯಾಗಿತ್ತು. ಬಂಡಲ್ ಮುಗಿಸುವ ಅವಸರದಲ್ಲಿ, ಸಂಜೆ ನೋಡಿದ್ದೆ.

ಅವತ್ತು ನೆನಪಾದದ್ದು ಚೀನಾ ಇತಿಹಾಸದ ಪಾಠಕ್ಕೆಂದು ಓದಿಕೊಂಡಿದ್ದ ‘ರುಲಿನ್ ವಾಯ್‌ಷಿ’. 18ನೇ ಶತಮಾನದಲ್ಲಿ ವು ಜಿಂಗ್‌ಜಿ ಆಡುಮಾತಿನಲ್ಲಿ ಬರೆದ ಕಾದಂಬರಿ. ಸರ್ಕಾರಿ ಹುದ್ದೆಗೆ ಆರಿಸುವ, ಹಂತ ಹಂತದ ಪರೀಕ್ಷೆಯಲ್ಲೇ ಆಯುಷ್ಯ ಸವೆಸಿದವರ ಕಥೆಗಳು. ಬರೆದವನೂ ಮೊದಲ ಮೆಟ್ಟಿಲು ದಾಟಿ ಮೇಲೇರಲಿಲ್ಲ.

ಅದರಲ್ಲಿ ಜೋ ಜಿನ್ ಎಂಬ ಹಳ್ಳಿ ಮೇಷ್ಟ್ರು. 60 ದಾಟಿದರೂ ಆ ಮೊದಲ ಮೆಟ್ಟಿಲೇ ಹತ್ತಿಲ್ಲ. ಇದ್ದ ಕೆಲಸವೂ ಹೋಗಿ, ವ್ಯಾಪಾರಿಗಳ ಲೆಕ್ಕ ಬರೆಯಲು ಪಟ್ಟಣಕ್ಕೆ ಬಂದವನು ಪರೀಕ್ಷಾ ಮಂದಿರ ನೋಡಲು ಹೋಗುತ್ತಾನೆ. ಅಲ್ಲಿ ಒಬ್ಬೊಬ್ಬರೇ ಕೂತು ಬರೆಯುವ ಗೂಡನ್ನು ಕಂಡದ್ದೇ ತಡ, ಅದರ ಹಲಗೆಗೆ ತಲೆ ಚಚ್ಚಿಕೊಂಡು ಬೀಳುತ್ತಾನೆ. ಎಚ್ಚರವಾದ ಮೇಲೆ ಒಂದೊಂದು ಗೂಡಿಗೂ ಹೋಗಿ ಅಳುತ್ತಾನೆ. ನೋಡಲಾರದೆ ವ್ಯಾಪಾರಿಗಳೇ ಬೆಳ್ಳಿ ಕೂಡಿಸಿ ಮುಂದಿನ ಹಂತದ ಪರೀಕ್ಷೆಗೆ ಕೂರುವ ಅರ್ಹತೆ ಕೊಡಿಸುತ್ತಾರೆ.

ಅದೇ ಮನುಷ್ಯ ಮುಂದೆ ಗುವಾಂಗ್‌ಡಾಂಗ್‌ನಲ್ಲಿ ಪರೀಕ್ಷಾಧಿಕಾರಿ. ಹರುಕು ನಾರುಬಟ್ಟೆಯಲ್ಲಿ ನಡುಗುತ್ತಾ ಫಾನ್ ಜಿನ್ ಉತ್ತರ ತಂದೊಪ್ಪಿಸುತ್ತಾನೆ. ವಯಸ್ಸು 54, 20ನೇ ವಯಸ್ಸಿನಿಂದ ಇಪ್ಪತ್ತಕ್ಕೂ ಹೆಚ್ಚು ಸಲ ಬರೆದಿದ್ದಾನೆ. ಮೊದಲ ಓದಿಗೆ ಜೋ ಜಿನ್‌ಗೆ ತಲೆಬುಡ ತಿಳಿಯುವುದಿಲ್ಲ, ಬದಿಗಿಡುತ್ತಾನೆ. ಬೇರೆ ಯಾರೂ ಇನ್ನೂ ಬರೆದು ಮುಗಿಸಿಲ್ಲವಲ್ಲ ಎಂದು ಇನ್ನೊಮ್ಮೆ ಓದಿದಾಗ ಏನೋ ಇದೆ ಅನಿಸುತ್ತದೆ. ಮೂರನೇ ಸಲ ಅಕ್ಷರ ಅಕ್ಷರವೂ ಮುತ್ತಾಗಿ ಕಂಡು ಮೊದಲ ಸ್ಥಾನ ಕೊಡುತ್ತಾನೆ.

ಜನ ನೆನಪಿಟ್ಟಿರುವುದು ಆಮೇಲಿನ ಪ್ರಸಂಗವನ್ನು: ಮುಂದಿನ ಪರೀಕ್ಷೆಯೂ ಪಾಸಾದ ಸುದ್ದಿಗೆ ಬುದ್ಧಿ ಕೆಟ್ಟ ಫಾನ್ ಜಿನ್‌ಗೆ ಕಸಾಯಿ ಮಾವ ಕೆನ್ನೆಗೆ ಬಾರಿಸಿದ್ದು. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಈ ಮೂರು ಓದು. ಕೊನೆಗೆ ಜೋ ಜಿನ್‌ಗೆ ಕಂಡದ್ದು ಪ್ರಬಂಧವೋ, ತನ್ನದೇ ಹಳೆಯ ನೋವೋ? ಆ ಪ್ರಬಂಧದ ಒಂದು ಸಾಲನ್ನೂ ಕಾದಂಬರಿ ನಮಗೆ ತೋರಿಸುವುದಿಲ್ಲ.

ಈ ಅಪಾಯ ಚೀನಾದ ಆಡಳಿತಕ್ಕೂ ಗೊತ್ತಿತ್ತು. ಮೇಲಿನ ಹಂತದ ಪರೀಕ್ಷೆಗಳಲ್ಲಿ ಹೆಸರು ಮುಚ್ಚಿ, ಉತ್ತರವನ್ನು ಗುಮಾಸ್ತರಿಂದ ಕೆಂಪು ಶಾಯಿಯಲ್ಲಿ ನಕಲು ಮಾಡಿಸಿ, ಆ ನಕಲನ್ನಷ್ಟೇ ಪರೀಕ್ಷಕರಿಗೆ ಕೊಡುತ್ತಿದ್ದರು. ಕೈಬರಹದ ಗುರುತೇ ಸಿಗಬಾರದೆಂದು. ನಮ್ಮಲ್ಲಿ ನೋಂದಣಿ ಸಂಖ್ಯೆ ಮುಚ್ಚುತ್ತೇವೆ, ಅಕ್ಷರವನ್ನು ಮುಚ್ಚುವುದಿಲ್ಲ. ನನ್ನನ್ನು ದಾರಿ ತಪ್ಪಿಸಿದ್ದು ಆ ಅಕ್ಷರವೇ.

ಈಗ ಫೇಲ್ ಆಗುವ ಪತ್ರಿಕೆಗಳನ್ನು ಎತ್ತಿಟ್ಟು ಮರುದಿನ ಬೆಳಿಗ್ಗೆ ಮೊದಲು ಓದುತ್ತೇನೆ. “ಕನಿಕರಕ್ಕೆ ಅಂಕ ಕೊಡ್ತೀರಾ ಮೇಡಂ?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಳೆದ ಸಲ ಎತ್ತಿಟ್ಟದ್ದು 11. ಎಂಟರಲ್ಲಿ ಅರ್ಧ ಅಂಕವೂ ಬದಲಾಗಲಿಲ್ಲ. ಎರಡರಲ್ಲಿ ಕೂಡುವಾಗ ತಪ್ಪಿದ್ದೆ. ಇನ್ನೊಂದರಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು. ನಡುವಿನ ಉತ್ತರವನ್ನು ನಾನು ಓದಿಯೇ ಇರಲಿಲ್ಲ.